ಸೀತಾಳೆ ದಂಡೆ ಮರದ ಸತ್ವ ಹೀರಲ್ಲ: ಉತ್ತರ ಕನ್ನಡದ ಕಾಡು ಆರ್ಕಿಡ್ ಎಲ್ಲೆಲ್ಲಿವೆ, ಉಳಿಯೋದು ಹೇಗೆ?

ಶಿರಸಿ: ಮೇ ತಿಂಗಳ ಕೊನೆಗೆ ಒಂದೆರಡು ಅಡ್ಡಮಳೆ ಬಿದ್ದಿರುತ್ತದೆ, ಮುಂಗಾರು ಇನ್ನೂ ಹಿಡಿದಿರುವುದಿಲ್ಲ. ಆ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ರಸ್ತೆ ಪಕ್ಕದ ಹಳೇ ಮಾವು, ಮತ್ತಿ ಮರದ ಕೊಂಬೆಗಳಿಂದ ಗೇಣುದ್ದದ ಹೂವಿನ ಜಡೆ ಇಳಿಬಿದ್ದಿರುತ್ತದೆ. ಬಿಳಿ ಹೂವು, ಮೇಲೆ ಗುಲಾಬಿ-ನೇರಳೆ ಚುಕ್ಕಿ. ಅದೇ ಸೀತಾಳೆ ದಂಡೆ. ಸೀತೆದಂಡೆ, ಸೀತಾಳಿ ಅಂತ ಊರಿಂದೂರಿಗೆ ಹೆಸರು ಚೂರು ಬದಲಾಗುತ್ತದೆ. ದಂಡೆ ಅಂದರೆ ತುರುಬಿಗೆ ಮುಡಿಯುವ ಹೂಮಾಲೆ. ವನವಾಸದಲ್ಲಿ ಸೀತೆ ಮುಡಿದಿದ್ದ ಹೂವು ಇದು ಅನ್ನೋದು ನಂಬಿಕೆ. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೂ ಮರಾಠಿಯಲ್ಲಿ ಇದಕ್ಕೆ ಸೀತೆಯ ವೇಣಿ ಅಂತಲೇ ಹೆಸರು. ಸಸ್ಯಶಾಸ್ತ್ರದವರು ಕರೆಯೋದು ರಿಂಕೋಸ್ಟೈಲಿಸ್ ರೆಟುಸಾ ಅಂತ.

ಈ ಹೂವು ಅಸ್ಸಾಂ ರಾಜ್ಯದ ಹೂವು ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ. ಅಲ್ಲಿ ಇದಕ್ಕೆ ಕಪೌ ಫೂಲ್ ಅಂತಾರೆ, ಬಿಹು ಹಬ್ಬದ ಕುಣಿತದಲ್ಲಿ ಹೆಣ್ಣುಮಕ್ಕಳು ತುರುಬಿಗೆ ಮುಡಿಯುತ್ತಾರೆ. ಅರುಣಾಚಲ ಪ್ರದೇಶಕ್ಕೂ ಇದೇ ರಾಜ್ಯದ ಹೂವು. ನಮ್ಮಲ್ಲಿ ಇದೇ ಗಿಡವನ್ನು ಎಷ್ಟೋ ಮನೆಗಳಲ್ಲಿ ಮಾವಿನ ಮರದಿಂದ ಕೆರೆದು ಬಿಸಾಡುತ್ತಾರೆ. ಕಾರಣ ಕೇಳಿದರೆ ಉತ್ತರ ಒಂದೇ: ‘ಅದು ಬಂದಳಿಕೆ, ಮರ ಒಣಗಿಸ್ತದೆ.’

ಬಂದಳಿಕೆ ಬೇರೆ, ಸೀತಾಳೆ ಬೇರೆ

ಮೊದಲು ಈ ಗೊಂದಲ ಬಗೆಹರಿಸಿಕೊಳ್ಳಬೇಕು. ಬಂದಳಿಕೆ ಅಥವಾ ಬದನಿಕೆ ನಿಜವಾದ ಪರಾವಲಂಬಿ. ಅದರ ಬೇರು ಕೊಂಬೆಯ ತೊಗಟೆ ಸೀಳಿ ಒಳಗಿನ ಮರಕ್ಕೆ ಹೊಕ್ಕು ನೀರು, ಉಪ್ಪು ಕುಡಿಯುತ್ತದೆ. ಬಂದಳಿಕೆ ಹತ್ತಿದ ಜಾಗದಲ್ಲಿ ಕೊಂಬೆ ಗಂಟು ಕಟ್ಟಿ ಉಬ್ಬುತ್ತದೆ, ಅದರಿಂದ ಮುಂದಿನ ತುದಿ ಸೊರಗುತ್ತದೆ. ಮಾವು, ಚಿಕ್ಕು ಬೆಳೆದವರಿಗೆ ಇದು ಹೊಸ ವಿಷಯ ಅಲ್ಲ. ಅದನ್ನು ಕತ್ತರಿಸಲೇಬೇಕು.

ಆರ್ಕಿಡ್ ಹಾಗಲ್ಲ. ಅದರ ಬೇರು ತೊಗಟೆಯ ಮೇಲೆ ಹರಿದಾಡುತ್ತದೆ, ಒಳಗೆ ಇಳಿಯುವುದಿಲ್ಲ. ಬೇರಿನ ಸುತ್ತ ಬೆಳ್ಳಗಿನ ಸ್ಪಂಜಿನಂಥ ಪದರ ಇರುತ್ತದೆ. ಮಳೆ ಬಿದ್ದಾಗ, ಮಂಜು ಸುರಿದಾಗ ತೊಗಟೆ ಮೇಲೆ ಹರಿಯುವ ನೀರನ್ನು ಅದು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಒದ್ದೆಯಾದಾಗ ಬೇರು ಹಸಿರಾಗಿ ಕಾಣುತ್ತದೆ, ಒಣಗಿದಾಗ ಬೆಳ್ಳಗಾಗುತ್ತದೆ. ಅನ್ನವನ್ನು ಎಲೆಯಲ್ಲಿ, ಬಿಸಿಲಲ್ಲಿ ತಾನೇ ಬೇಯಿಸಿಕೊಳ್ಳುತ್ತದೆ. ಮರದಿಂದ ಅದಕ್ಕೆ ಬೇಕಾಗಿರೋದು ಕೂರೋಕೆ ಜಾಗ, ಅಷ್ಟೇ. ಬಾಡಿಗೆ ಕೊಡಲ್ಲ, ಆದರೆ ಅಡುಗೆಮನೆಗೂ ಕೈ ಹಾಕಲ್ಲ.

ಗುರುತು ಹಿಡಿಯೋದು ಕಷ್ಟವಿಲ್ಲ. ಎಲೆ ಮರದ ಎಲೆಯಂತೆಯೇ ಇದ್ದು, ಕವಲು ಕವಲಾಗಿ ಕಟ್ಟಿಗೆಯಂಥ ಕಡ್ಡಿ ಇದ್ದು, ಬುಡದಲ್ಲಿ ಗಂಟಿದ್ದರೆ ಬಂದಳಿಕೆ. ಎಲೆ ದಪ್ಪಗೆ, ಪಟ್ಟಿಯಂತೆ ಎರಡು ಸಾಲಾಗಿದ್ದು, ಬುಡದಿಂದ ಬಿಳಿ ಹಗ್ಗದಂಥ ಬೇರು ತೊಗಟೆ ಮೇಲೆ ಹರಡಿದ್ದರೆ ಆರ್ಕಿಡ್. ಹಳೇ ಮರದಲ್ಲಿ ಆರ್ಕಿಡ್ ಜಾಸ್ತಿ ಇರುತ್ತದೆ, ಹಳೇ ಮರದ ಕೊಂಬೆ ಒಣಗೋದೂ ಜಾಸ್ತಿ. ಎರಡನ್ನೂ ನೋಡಿದವರು ಒಂದರಿಂದ ಇನ್ನೊಂದು ಆಯ್ತು ಅಂದುಕೊಂಡಿದ್ದಾರೆ. ಭಾರೀ ಗೊಂಚಲಿನ ತೂಕಕ್ಕೆ ಮೊದಲೇ ಲಡ್ಡಾದ ಕೊಂಬೆ ಮುರಿಯಬಹುದು, ಅಷ್ಟು ಮಾತ್ರ ನಿಜ.

ಎಷ್ಟು ಜಾತಿ?

ಜಗತ್ತಿನಲ್ಲಿ ಸುಮಾರು 28 ಸಾವಿರ ಜಾತಿಯ ಆರ್ಕಿಡ್‌ಗಳಿವೆ. ಹೂಬಿಡುವ ಗಿಡಗಳ ಅತಿ ದೊಡ್ಡ ಕುಟುಂಬಗಳಲ್ಲಿ ಇದೂ ಒಂದು. ಭಾರತೀಯ ಸಸ್ಯ ಸರ್ವೇಕ್ಷಣಾಲಯ 2019ರಲ್ಲಿ ಹೊರತಂದ ಗಣತಿಯಲ್ಲಿ ಭಾರತದ ಲೆಕ್ಕ 1,256 ಜಾತಿ. ಅದರಲ್ಲಿ 388 ಜಾತಿ ಭಾರತ ಬಿಟ್ಟು ಬೇರೆಲ್ಲೂ ಇಲ್ಲ. ಆ 388ರಲ್ಲೂ 128, ಅಂದರೆ ಮೂರರಲ್ಲಿ ಒಂದು ಪಾಲು, ಪಶ್ಚಿಮ ಘಟ್ಟದಲ್ಲಿವೆ. ಒಟ್ಟು ಸಂಖ್ಯೆಯಲ್ಲಿ ಅರುಣಾಚಲ, ಸಿಕ್ಕಿಂ ಮುಂದಿರಬಹುದು. ಆದರೆ ‘ಇಲ್ಲಿ ಹೋದರೆ ಎಲ್ಲೂ ಇಲ್ಲ’ ಅನ್ನುವಂಥವು ಘಟ್ಟದಲ್ಲೇ ಹೆಚ್ಚು.

ನಮ್ಮ ಜಿಲ್ಲೆಗೆ ಇದರಲ್ಲಿ ವಿಚಿತ್ರವಾದ ಜಾಗ ಇದೆ. ಉತ್ತರ ಕನ್ನಡ 1956ರ ತನಕ ಬಾಂಬೆ ಪ್ರಾಂತ್ಯದಲ್ಲಿತ್ತು. ಹಾಗಾಗಿ ಇಲ್ಲಿನ ಗಿಡಗಳ ದಾಖಲೆ ಬೆಂಗಳೂರು-ಮೈಸೂರಿಗಿಂತ ಮೊದಲು ಮುಂಬೈ ಪುಸ್ತಕಗಳಲ್ಲಿ ಸಿಗುತ್ತದೆ. ಕಾರವಾರದಲ್ಲಿ ಅರಣ್ಯಾಧಿಕಾರಿಯಾಗಿದ್ದು ಅಲ್ಲೇ ನೆಲೆಸಿದ ಟಿ.ಆರ್. ಬೆಲ್ ಚಿಟ್ಟೆಗಳಿಗೆ ಹೆಸರುವಾಸಿ, ಜೊತೆಗೆ ಈ ಜಿಲ್ಲೆಯ ಗಿಡಗಳನ್ನೂ ಸಂಗ್ರಹಿಸಿದವರು. 1966ರಲ್ಲಿ ಸಾಂತಾಪಾವ್ ಮತ್ತು ಕಪಾಡಿಯಾ ಬರೆದ ‘ಬಾಂಬೆಯ ಆರ್ಕಿಡ್‌ಗಳು’ ಇಂಗ್ಲಿಷ್ ಪುಸ್ತಕದಲ್ಲೂ ಉತ್ತರ ಕನ್ನಡದ ಕಾಡು ಮತ್ತೆ ಮತ್ತೆ ಬರುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಕೊಡಗು, ಮುಳ್ಳಯ್ಯನಗಿರಿ, ಕುದುರೆಮುಖದಷ್ಟು ಎತ್ತರ ನಮ್ಮಲ್ಲಿಲ್ಲ. ಎತ್ತರದ ಶೋಲಾ ಕಾಡಿನಲ್ಲಿ ಮಾತ್ರ ಬರುವ ಜಾತಿಗಳು ಇಲ್ಲಿ ಸಿಗುವುದಿಲ್ಲ. ನಮ್ಮ ಬಲ ಬೇರೆ. ಜನ ಇರುವ ಜಾಗದಲ್ಲೇ, ರಸ್ತೆ ಬದಿ, ಬೆಟ್ಟ, ಅಂಗಳದ ಮರದಲ್ಲೇ ಆರ್ಕಿಡ್ ಇವೆ. ಆಪತ್ತು ಇರೋದೂ ಅಲ್ಲೇ.

ಯಾವ ತಾಲೂಕಿನಲ್ಲಿ ಏನು?

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅರೆ ಎಲೆಯುದುರುವ ಕಾಡು ಮತ್ತು ಸೊಪ್ಪಿನ ಬೆಟ್ಟ ಚಂದದ ಹೂವಿನ ಜಾತಿಗಳ ತವರು. ಸೀತಾಳೆ ದಂಡೆಯ ಜೊತೆಗೇ ಹೂಬಿಡುವ ಇನ್ನೊಂದು ಏರಿಡೀಸ್ ಕ್ರಿಸ್ಪಾ. ಇದರ ಹೂವು ದೊಡ್ಡದು, ಬಿಳಿಗೆ ಗುಲಾಬಿ ಬಣ್ಣ, ಒಳ್ಳೇ ಪರಿಮಳ. ಜಡೆ ದಂಡೆಯಷ್ಟು ಒತ್ತಾಗಿರಲ್ಲ, ಹೂವುಗಳ ನಡುವೆ ಸಂದು ಕಾಣುತ್ತದೆ. ಎರಡನ್ನೂ ಜನ ಸೀತಾಳೆ ಅಂತಲೇ ಕರೆಯೋದರಿಂದ ಗೊಂದಲ ಸಹಜ. ಏರಿಡೀಸ್ ಕ್ರಿಸ್ಪಾ ಭಾರತದ ಕಾಡು ಬಿಟ್ಟರೆ ಬೇರೆಲ್ಲೂ ಇಲ್ಲ. ಅಸ್ಸಾಮಿನವರಿಗೂ ಇಲ್ಲದ್ದು ನಮ್ಮ ರಸ್ತೆ ಬದಿಯಲ್ಲಿದೆ ಅಂದಂಗಾಯ್ತು.

ಚಳಿಗಾಲ, ಬೇಸಿಗೆ ಶುರುವಿನಲ್ಲಿ ಡೆಂಡ್ರೋಬಿಯಂಗಳ ಸರದಿ. ಬಾರ್ಬಟುಲಂ ಬಿಳಿ, ಓವೇಟಂ ಕೆನೆ-ಹಳದಿ. ಮಳೆಗಾಲ ಮುಗಿದ ಮೇಲೆ ಇವು ಎಲೆ ಉದುರಿಸಿ ಬರೀ ಕಡ್ಡಿಯಾಗುತ್ತವೆ. ನೋಡಿದವರು ಸತ್ತೇಹೋಯ್ತು ಅಂದುಕೊಳ್ಳಬೇಕು, ಹಾಗೆ. ಡಿಸೆಂಬರ್ ನಂತರ ಅದೇ ಒಣಕಡ್ಡಿಯ ತುದಿಯಲ್ಲಿ ಹೂವು ಗೊಂಚಲು ಗೊಂಚಲಾಗಿ ಬರುತ್ತದೆ. ಸೌದೆಗೆ ಕಡಿದ ಕೊಂಬೆಯ ಜೊತೆ ಒಲೆಗೆ ಹೋಗುವುದು ಹೆಚ್ಚಾಗಿ ಇವೇ, ಯಾಕೆಂದರೆ ಕಡಿಯೋ ಕಾಲಕ್ಕೆ ಇವು ಗಿಡದಂತೆ ಕಾಣೋದೇ ಇಲ್ಲ.

ಜೋಯಿಡಾದ ಅಣಶಿ, ಕ್ಯಾಸಲ್‌ರಾಕ್ ಕಡೆ, ಸಿದ್ದಾಪುರದ ಕತ್ತಲೆಕಾನು, ದೇವಿಮನೆ ಮತ್ತು ಮಲೆಮನೆ ಘಟ್ಟದಂಥ ನಿತ್ಯಹರಿದ್ವರ್ಣ ಕಾಡಿನಲ್ಲಿ ಕಥೆ ಬೇರೆ. ಅಲ್ಲಿ ಕೊಂಬೆಗೆ ಹಾವಸೆ ದಪ್ಪಗೆ ಕಟ್ಟಿರುತ್ತದೆ. ಅದರೊಳಗೆ ಬಟಾಣಿ ಗಾತ್ರದ ಗಡ್ಡೆ ಇರುವ ಬಲ್ಬೋಫಿಲಂ, ಪೋರ್ಪ್ಯಾಕ್ಸ್, ಚಪ್ಪಟೆ ಎಲೆ ಬೀಸಣಿಗೆಯಂತೆ ಜೋಡಿಸಿದ ಒಬೆರೋನಿಯಾ. ಒಬೆರೋನಿಯಾದ ಹೂವು ಸಾಸಿವೆ ಕಾಳಿಗಿಂತ ಚಿಕ್ಕದು, ಭೂತಗನ್ನಡಿ ಇಲ್ಲದೆ ನೋಡಿ ಪ್ರಯೋಜನವಿಲ್ಲ. ಫೋಟೋ ಹಾಕಿದರೆ ಯಾರೂ ಲೈಕ್ ಒತ್ತಲ್ಲ. ಆದರೆ ಕಾಡು ಚೆನ್ನಾಗಿದೆಯೋ ಇಲ್ಲವೋ ಹೇಳೋಕೆ ಇವೇ ಸಾಕ್ಷಿ, ಯಾಕೆಂದರೆ ಮೇಲಿನ ಚಪ್ಪರ ತೆರೆದು ಬಿಸಿಲು ಒಳಗೆ ಬಿದ್ದರೆ ಮೊದಲು ಒಣಗೋದು ಇವು.

ಮುಂಡಗೋಡ, ಹಳಿಯಾಳದಲ್ಲಿ ಮಳೆ ಕಡಿಮೆ, ಸಾಗುವಾನಿ ಜಾಸ್ತಿ. ಅಲ್ಲಿ ಒಣ ಹವೆ ತಡೆಯುವ ವ್ಯಾಂಡಾ ಟೆಸಲಾಟಾ, ಅಕಾಂಪೆಯಂಥವು. ವ್ಯಾಂಡಾ ಹೂವಿಗೆ ಕಂದು-ಹಳದಿ ಚೌಕಳಿ, ತುಟಿ ಮಾತ್ರ ನೀಲಿ-ನೇರಳೆ. ಹೊಲದ ಬದುವಿನ ಒಂಟಿ ಮರದಲ್ಲೂ ಬದುಕುತ್ತದೆ.

ಕರಾವಳಿಯ ಕುಮಟಾ, ಹೊನ್ನಾವರ, ಭಟ್ಕಳ, ಅಂಕೋಲಾದಲ್ಲಿ ಹಲಸು, ಕಾಸರಕ, ತಾಳೆ ಮರದ ಸಂದಿನಲ್ಲಿ ಸಿಂಬಿಡಿಯಂ ಗುಡ್ಡೆಯಾಗಿ ಬೆಳೆದಿರುತ್ತದೆ. ದಪ್ಪ ಚರ್ಮದಂಥ ಉದ್ದ ಎಲೆ, ಉದ್ದಕ್ಕೆ ಇಳಿಬೀಳುವ ಕೆಂಗಂದು ಹೂವಿನ ಸರ. ಇನ್ನು ಚಿರೇಕಲ್ಲು ಪದರದ ಬೋಳು ಗುಡ್ಡಗಳು. ಪಾಳು ಜಾಗ ಅಂತ ಕಂದಾಯದ ಲೆಕ್ಕದಲ್ಲಿರುವ ಈ ಗುಡ್ಡಗಳಲ್ಲಿ ಜೂನ್ ಮಳೆ ಬಿದ್ದ ಎರಡೇ ವಾರಕ್ಕೆ ನೆಲ ಆರ್ಕಿಡ್‌ಗಳು ಏಳುತ್ತವೆ.

ಹೌದು, ಆರ್ಕಿಡ್ ಅಂದರೆ ಮರದ ಮೇಲೇ ಇರಬೇಕು ಅಂತಿಲ್ಲ. ದೇಶದ ಆರ್ಕಿಡ್‌ಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ನೆಲದಲ್ಲಿ ಬೆಳೆಯುವಂಥವು. ಹ್ಯಾಬನೇರಿಯಾ ಜಾತಿಗಳು ನೆಲದೊಳಗೆ ಗಡ್ಡೆಯಾಗಿ ಬೇಸಿಗೆ ಕಳೆದು, ಮಳೆಗೆ ಎದ್ದು ಬಿಳಿ ಹೂಬಿಟ್ಟು, ದೀಪಾವಳಿ ಹೊತ್ತಿಗೆ ಮತ್ತೆ ನೆಲ ಸೇರುತ್ತವೆ. ಕೆಲವು ಜಾತಿಯ ಹೂವಿನ ಹಿಂದೆ ಬಾಲದಂಥ ಉದ್ದ ನಳಿಗೆ ಇರುತ್ತದೆ, ತಳದಲ್ಲಿ ಮಕರಂದ. ಅಷ್ಟುದ್ದ ನಾಲಿಗೆ ಇರುವ ರಾತ್ರಿ ಪತಂಗಕ್ಕೆ ಮಾತ್ರ ಅದು ಎಟಕುತ್ತದೆ. ಅದಕ್ಕೇ ಹೂವು ಬಿಳಿ, ಪರಿಮಳ ಸಂಜೆ ಮೇಲೆ. ನರ್ವೀಲಿಯಾ ಇನ್ನೂ ತಮಾಷೆ. ಮೊದಲ ಮಳೆಗೆ ಎಲೆಯೇ ಇಲ್ಲದೆ ಹೂವು ಬಂದು ಹೋಗುತ್ತದೆ, ಆಮೇಲೆ ಒಂದೇ ಒಂದು ಎಲೆ ನೆಲಕ್ಕೆ ಅಂಟಿಕೊಂಡು ಬರುತ್ತದೆ. ತಂಬುಳಿಯ ಒಂದೆಲಗ ಬೇರೆ, ಇದು ಬೇರೆ, ಕಿತ್ತು ಅರೆಯಬೇಡಿ. ಘಟ್ಟದ ಕತ್ತಲೆ ಕಾಡಿನಲ್ಲಿ ಎಲೆಯೂ ಇಲ್ಲದ, ಹಸಿರೂ ಇಲ್ಲದ ಎಪಿಪೋಜಿಯಂನಂಥವೂ ಇವೆ. ಅವು ಪೂರ್ತಿ ಬದುಕು ನಡೆಸೋದು ಮಣ್ಣಿನ ಬೂಷ್ಟಿನ ಸಾಲದಲ್ಲಿ.

ಹೋದ ಗಿಡ ಮರಳಿ ಬರೋದು ಯಾಕೆ ಕಷ್ಟ?

ಒಂದು ಆರ್ಕಿಡ್ ಕಾಯಿಯಲ್ಲಿ ಸಾವಿರಗಟ್ಟಲೆ, ಕೆಲವದರಲ್ಲಿ ಲಕ್ಷಗಟ್ಟಲೆ ಬೀಜ. ಹಂಗಂತ ಲಕ್ಷ ಗಿಡ ಹುಟ್ಟಲ್ಲ. ಬೀಜ ಅಂದರೆ ಧೂಳು. ಭತ್ತದ ಕಾಳಿನಲ್ಲಿ ಮೊಳಕೆಗೆ ಬೇಕಾದ ಹಿಟ್ಟು ಒಳಗೇ ಇರುತ್ತದೆ, ಆರ್ಕಿಡ್ ಬೀಜದಲ್ಲಿ ಆ ಬುತ್ತಿ ಇಲ್ಲ. ಗಾಳಿಗೆ ಹಾರಿ ತೊಗಟೆಯ ಬಿರುಕಿನಲ್ಲಿ ಕೂತ ಮೇಲೆ ಅಲ್ಲಿ ಒಂದು ಬಗೆಯ ಶಿಲೀಂಧ್ರ ಸಿಗಬೇಕು. ಅದು ಬೀಜದೊಳಗೆ ಹೊಕ್ಕು ಅನ್ನ ಕೊಟ್ಟರೆ ಮಾತ್ರ ಮೊಳಕೆ. 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ಡ್ ಇದನ್ನು ಕಂಡುಹಿಡಿದರು. 1922ರಲ್ಲಿ ಅಮೆರಿಕದ ಲೂಯಿಸ್ ನುಡ್ಸನ್ ಸಕ್ಕರೆ ಬೆರೆಸಿದ ಅಗಾರ್ ಮೇಲೆ ಶಿಲೀಂಧ್ರ ಇಲ್ಲದೇ ಮೊಳಕೆ ಬರಿಸಿ ತೋರಿಸಿದರು. ಇವತ್ತು ನರ್ಸರಿಯಲ್ಲಿ ಸಿಗುವ ಆರ್ಕಿಡ್‌ಗಳ ಹಿಂದೆ ಇರೋದು ಆ ದಾರಿಯೇ.

ಕಾಡಿನಲ್ಲಿ ಮೊಳಕೆಯಿಂದ ಮೊದಲ ಹೂವಿಗೆ ವರ್ಷಗಳೇ ಬೇಕು. ಮೊಳೆಯೋಕೆ ಒರಟು ತೊಗಟೆಯ, ವಯಸ್ಸಾದ ಮರ ಬೇಕು. ಮೊಸಳೆ ಚರ್ಮದಂತೆ ಬಿರಿದ ಮತ್ತಿ ಮರ, ಹಳೇ ಮಾವು, ಹಲಸು ಇದಕ್ಕೆ ಹೇಳಿ ಮಾಡಿಸಿದಂಥವು. ಸಿಪ್ಪೆ ಸುಲಿಯುತ್ತಲೇ ಇರುವ ನಂದಿ ಮರ, ನೀಲಗಿರಿಯಲ್ಲಿ ಬೀಜ ನಿಲ್ಲೋದೇ ಕಷ್ಟ. ರಸ್ತೆ ಅಗಲಕ್ಕೆ ಎಂಬತ್ತು-ನೂರು ವರ್ಷದ ಮಾವಿನ ಸಾಲು ಹೋಗಿ, ಬದಲಿಗೆ ಎರಡು ಪಟ್ಟು ಸಸಿ ನೆಟ್ಟರೆ ಕಾಗದದ ಮೇಲೆ ಲೆಕ್ಕ ಸರಿಹೋಗುತ್ತದೆ. ಆರ್ಕಿಡ್ ಲೆಕ್ಕದಲ್ಲಿ ಅದು ಎರಡು ತಲೆಮಾರಿನ ಖಾಲಿ ಜಾಗ. ಅಷ್ಟರೊಳಗೆ ಬೀಜ ಕೊಡುವ ತಾಯಿಗಿಡವೇ ಹತ್ತಿರ ಉಳಿದಿರಲ್ಲ.

ಜಿಲ್ಲೆಯ ಸುಮಾರು ಶೇ. 80 ಭಾಗ ಅರಣ್ಯ ಭೂಮಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಬೇಡ್ತಿ, ಶಾಲ್ಮಲಾ ಸಂರಕ್ಷಿತ ಪ್ರದೇಶಗಳಿವೆ. ಆದರೆ ಸೀತಾಳೆಯಂಥ, ಬೆಳಕು ಬೇಡುವ ಜಾತಿಗಳು ದಟ್ಟ ಕಾಡಿಗಿಂತ ಅಂಚಿನಲ್ಲಿ, ತೆರೆದ ಬೆಟ್ಟದಲ್ಲಿ, ಸಾಲುಮರದಲ್ಲಿ ಚೆನ್ನಾಗಿ ಬರುತ್ತವೆ. ಅಂದರೆ ಇವುಗಳ ಉಳಿವು ಗಾರ್ಡ್ ಕೈಯಲ್ಲಿರುವುದಕ್ಕಿಂತ ಹೆಚ್ಚು ಬೆಟ್ಟ ಇರುವವರ, ಮನೆ ಮುಂದೆ ಮರ ಇರುವವರ, ಪಂಚಾಯಿತಿಯವರ ಕೈಯಲ್ಲಿದೆ.

ಬೆಟ್ಟದ ವಿಷಯ ಸೂಕ್ಷ್ಮ. ಘಟ್ಟದ ಮೇಲೆ ಅಡಿಕೆ ತೋಟದ ಎಕರೆಗೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದದ್ದು. ಸೊಪ್ಪು ಕಡಿಯದೆ ತೋಟ ನಡೆಯಲ್ಲ. ಸೊಪ್ಪು ಕಡಿಯೋದರಿಂದಲೇ ಆರ್ಕಿಡ್ ಹೋಯ್ತು ಅನ್ನೋದೂ ಸರಿಯಲ್ಲ. ತುದಿ ಕೊಂಬೆ ಕಡಿದು, ಬೊಡ್ಡೆ ಮತ್ತು ದೊಡ್ಡ ಕವಲು ಬಿಟ್ಟ ಹಳೇ ಪದ್ಧತಿಯಲ್ಲಿ ಕವಲಿನ ಸೀತಾಳೆ ಉಳಿದುಕೊಂಡೇ ಬಂದಿದೆ. ಹೋಗೋದು ಮರವೇ ಬೋಳಾದಾಗ, ಬೆಟ್ಟವೇ ತೋಟ ಅಥವಾ ಸೈಟಾದಾಗ.

ಗ್ರಂಧಿಗೆ ಅಂಗಡಿಯವರು ಗಮನಿಸಬೇಕಾದ್ದು

ಆರ್ಕಿಡ್ ವ್ಯಾಪಾರ ಅಂದರೆ ಬರೀ ಹೂವಿನ ಕುಂಡ ಅಲ್ಲ. ತಾಲೂಕಿನ ಗ್ರಂಧಿಗೆ ಅಂಗಡಿಗಳ ಡಬ್ಬಿಯಲ್ಲೂ ಆರ್ಕಿಡ್ ಇರುತ್ತದೆ, ಬೇರೆ ಹೆಸರಿನಲ್ಲಿ. ಸಾಲಂ ಮಿಶ್ರಿ, ಸಾಲಂ ಪಂಜಾ ಅಂತ ಬರೋದು ಆರ್ಕಿಡ್ ಗಡ್ಡೆ. ಅಂಗೈ ಆಕಾರದ ಸಾಲಂ ಪಂಜಾ ಹಿಮಾಲಯದ ಡ್ಯಾಕ್ಟಿಲೋರೈಜಾದ್ದು. ಗಡ್ಡೆ ಅಗೆದರೆ ಗಿಡ ಮುಗೀತು. ಅದು ಸಿಗದಾದಾಗ ಬಯಲುಸೀಮೆ, ಘಟ್ಟದ ಯೂಲೋಫಿಯಾ ಗಡ್ಡೆ ಅದೇ ಹೆಸರಲ್ಲಿ ಮಾರಾಟವಾಗುತ್ತದೆ.

ಜೀವಂತಿ ಹೆಸರಲ್ಲೂ ಇದೇ ಗೊಂದಲ. ಆಯುರ್ವೇದದ ಜೀವಂತಿ ಒಂದು ಬಳ್ಳಿ. ಆದರೆ ಪಶ್ಚಿಮ ಘಟ್ಟದ ಮರಗಳಿಂದ ಕಿತ್ತ ಒಂದು ಡೆಂಡ್ರೋಬಿಯಂ ಜಾತಿಯೂ ಜೀವಂತಿ ಅಂತ ಮೂಟೆಗಟ್ಟಲೆ ಹೋಗಿದೆ. ರಾಸ್ನಾಕ್ಕೆ ಬಂಗಾಳದ ಕಡೆ ವ್ಯಾಂಡಾ ಬೇರು ಬಳಸುತ್ತಾರೆ, ದಕ್ಷಿಣದಲ್ಲಿ ದುಂಪರಾಸ್ನಾ ಬಳಸೋದು ರೂಢಿ. ದುಂಪರಾಸ್ನಾ ಶುಂಠಿ ಜಾತಿ, ಬೆಳೆಸಬಹುದು. ಅದಕ್ಕೇ ಅಂಗಡಿಗೆ ತರಿಸುವಾಗ ಯಾವ ರಾಸ್ನಾ ಅಂತ ಕೇಳುವುದು ಒಳ್ಳೇದು.

ಚ್ಯವನಪ್ರಾಶದ ಅಷ್ಟವರ್ಗದ ಎಂಟರಲ್ಲಿ ನಾಲ್ಕು, ಜೀವಕ, ಋಷಭಕ, ಋದ್ಧಿ, ವೃದ್ಧಿ, ಹಿಮಾಲಯದ ನೆಲ ಆರ್ಕಿಡ್‌ಗಳು. ಇವು ಸಿಗೋದು ಕಷ್ಟ ಅಂತ ಹಿಂದಿನ ವೈದ್ಯ ಗ್ರಂಥಗಳೇ ಬದಲಿ ಹೇಳಿವೆ. ಜೀವಕ-ಋಷಭಕಕ್ಕೆ ವಿದಾರಿ ಗಡ್ಡೆ, ಋದ್ಧಿ-ವೃದ್ಧಿಗೆ ವಾರಾಹಿ ಗಡ್ಡೆ. ಅಂದರೆ ಬದಲಿ ಬಳಸಿದರೆ ಅದು ಕಲಬೆರಕೆ ಅಲ್ಲ, ಶಾಸ್ತ್ರ ಒಪ್ಪಿದ್ದು.

ಅಂದಹಾಗೆ ವೆನಿಲ್ಲಾ ಕೂಡ ಆರ್ಕಿಡ್ ಬಳ್ಳಿಯೇ. 2003-04ರ ಸುಮಾರಿಗೆ ಹಸಿ ಕೋಡಿಗೆ ಕಿಲೋಗೆ ಸಾವಿರಗಳ ಲೆಕ್ಕದಲ್ಲಿ ರೇಟು ಏರಿ, ಆಮೇಲೆ ನೆಲಕಚ್ಚಿದ್ದು ಮಲೆನಾಡಿನ ತೋಟಿಗರಿಗೆ ಮರೆತಿಲ್ಲ. ಬೆಳಿಗ್ಗೆ ಎದ್ದು ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗಸ್ಪರ್ಶ ಮಾಡಿದ್ದು ನೆನಪಿದ್ದವರಿಗೆ ಗೊತ್ತಿರಲಿ: ಆ ವಿಧಾನ 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ 12 ವರ್ಷದ ಹುಡುಗ ಎಡ್ಮಂಡ್ ಆಲ್ಬಿಯಸ್ ಕಂಡುಕೊಂಡದ್ದು. ವೆನಿಲ್ಲಾಕ್ಕೆ ಅದರ ತವರಿನ ಜೇನು ಇಲ್ಲಿಲ್ಲ, ಅದಕ್ಕೇ ಕೈಯಲ್ಲಿ ಮಾಡಬೇಕಾಯ್ತು. ಕಾಡು ಆರ್ಕಿಡ್‌ಗೆ ಅದರ ಕೀಟ ತಪ್ಪಿದರೆ ಕಡ್ಡಿ ಹಿಡಿದು ಬರುವವರು ಯಾರೂ ಇಲ್ಲ.

ಕಾನೂನು ಏನು ಹೇಳುತ್ತದೆ?

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ಗಿಡಗಳಿಗೂ ಒಂದು ಪಟ್ಟಿ ಇದೆ. ಮೊದಲು ಆರನೇ ಷೆಡ್ಯೂಲ್ ಆಗಿತ್ತು, 2022ರ ತಿದ್ದುಪಡಿ ನಂತರ ಮೂರನೇ ಷೆಡ್ಯೂಲ್. ನೀಲಿ ವ್ಯಾಂಡಾ, ಕೆಂಪು ವ್ಯಾಂಡಾ, ಲೇಡೀಸ್ ಸ್ಲಿಪ್ಪರ್ ಆರ್ಕಿಡ್‌ಗಳು ಅದರಲ್ಲಿವೆ. ಇವು ಮೂರೂ ನಮ್ಮ ಜಿಲ್ಲೆಯ ಕಾಡಿನವಲ್ಲ. ಹಂಗಂತ ಸೀತಾಳೆ ಕೀಳಬಹುದು ಅಂತ ಅರ್ಥ ಅಲ್ಲ. ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಕಾಡಿನಿಂದ ತಂದ ಗಿಡ, ಹೂವು, ಬಳ್ಳಿ, ಹಾವಸೆ ಎಲ್ಲ ಅರಣ್ಯ ಉತ್ಪನ್ನವೇ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಗಿಡ ಕೀಳೋದು ಇನ್ನೂ ದೊಡ್ಡ ತಪ್ಪು. ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದ ಇದೆ, ಭಾರತ ಅದಕ್ಕೆ ಸೇರಿದ್ದು 1976ರಲ್ಲಿ. ಆರ್ಕಿಡ್ ಕುಟುಂಬ ಪೂರ್ತಿ ಅದರ ನಿಯಂತ್ರಣದಲ್ಲಿದೆ.

ಸಾರ್ವಜನಿಕ ಕಾಮಗಾರಿಗೆ ಮರ ಕಡಿಯುವ ವಿಷಯಕ್ಕೆ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976 ಇದೆ. 50ಕ್ಕಿಂತ ಹೆಚ್ಚು ಮರ ಹೋಗುವುದಾದರೆ ವೃಕ್ಷ ಅಧಿಕಾರಿ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಆಕ್ಷೇಪಣೆ ಅಂದರೆ ರಸ್ತೆ ಬೇಡ ಅನ್ನೋದೇ ಆಗಬೇಕಿಲ್ಲ. ಕಡಿದ ಮರದ ಆರ್ಕಿಡ್‌ಗಳನ್ನು ಹತ್ತಿರದ ಉಳಿದ ಮರಕ್ಕೆ ಕಟ್ಟಿಸಿ, ಅದಕ್ಕೆ ಕೂಲಿ ಇಡಿ ಅಂತಲೂ ಬರೆದು ಕೊಡಬಹುದು. ಮರ ನೆಲಕ್ಕೆ ಬಿದ್ದು ಲಾರಿ ಹತ್ತುವ ನಡುವಿನ ಎರಡು-ಮೂರು ದಿನವೇ ಇದಕ್ಕೆ ಸಿಗುವ ಸಮಯ.

ಇನ್ನೊಂದು ದಾರಿ ಹೆಚ್ಚು ಜನ ಬಳಸುತ್ತಿಲ್ಲ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಊರಿನ ಯಾವ ಮರದಲ್ಲಿ ಯಾವ ಆರ್ಕಿಡ್ ಇದೆ ಅಂತ ಅದರಲ್ಲಿ ಬರೆಸಿದರೆ, ನಾಳೆ ಮರ ಕಡಿಯೋ ಅರ್ಜಿ ಬಂದಾಗ ತೋರಿಸೋಕೆ ಒಂದು ಕಾಗದ ಇರುತ್ತದೆ. ದೇವರಬನ, ಕಾನಿನ ಮರಗಳನ್ನು ಮೊದಲು ಬರೆಸುವುದು ಒಳ್ಳೇದು, ಯಾಕೆಂದರೆ ಕೊಡಲಿ ಕಾಣದ ಹಳೇ ಮರಗಳು ಉಳಿದಿರೋದು ಅಲ್ಲಿ.

ದೇಶದ ಮಟ್ಟದಲ್ಲಿ ಸಿಕ್ಕಿಂನ ಪಾಕ್ಯೋಂಗ್‌ನಲ್ಲಿ 1996ರಿಂದ ಆರ್ಕಿಡ್ ಸಂಶೋಧನಾ ಕೇಂದ್ರ ಇದೆ. ತಮಿಳುನಾಡಿನ ಯರ್ಕಾಡ್‌ನಲ್ಲಿ ಸಸ್ಯ ಸರ್ವೇಕ್ಷಣಾಲಯದ ಆರ್ಕಿಡ್ ವನ, ಕೇರಳದ ಪಾಲೋಡಿನ ಸಸ್ಯೋದ್ಯಾನದಲ್ಲಿ ದೊಡ್ಡ ಸಂಗ್ರಹ ಇವೆ. ಅಲ್ಲೆಲ್ಲ ಜಾತಿ ಉಳಿಯುತ್ತದೆ. ನಮ್ಮೂರ ಮಾವಿನ ಮರದಲ್ಲಿ ಹೂವು ಉಳಿಸೋಕೆ ಅಲ್ಲಿಂದ ಯಾರೂ ಬರಲ್ಲ.

ಕೊಳ್ಳುವ ಮುಂಚೆ, ಕಟ್ಟುವ ಮುಂಚೆ

ಘಟ್ಟದ ರಸ್ತೆ ಬದಿ, ಸಂತೆ, ಜಾತ್ರೆಯಲ್ಲಿ ಹಾವಸೆ ಸುತ್ತಿದ ‘ಕಾಡು ಸೀತಾಳೆ’ ಕಂಡರೆ ಕೊಳ್ಳಬೇಡಿ. ಕಾಡಿನದು ಅಂತ ತಿಳಿಯೋದು ಸುಲಭ: ಬೇರು ಹರಿದಿರುತ್ತದೆ, ಬೇರಿಗೆ ತೊಗಟೆ ಚೂರು, ಕಲ್ಲುಹೂವು ಅಂಟಿರುತ್ತದೆ, ಎಲೆ ಹುಳ ತಿಂದಿರುತ್ತದೆ, ಒಂದರಂತೆ ಇನ್ನೊಂದು ಇರಲ್ಲ. ನರ್ಸರಿಯ ಹೈಬ್ರಿಡ್ ಡೆಂಡ್ರೋಬಿಯಂ, ಫೆಲನಾಪ್ಸಿಸ್ ಒಂದೇ ಅಳತೆಯವು, ಇದ್ದಿಲು-ತೆಂಗಿನ ಸಿಪ್ಪೆ ತುಂಬಿದ ತೂತಿನ ಕುಂಡದಲ್ಲಿರುತ್ತವೆ. ಅವನ್ನು ಕೊಳ್ಳಲು, ಮಾರಲು ಅಡ್ಡಿಯಿಲ್ಲ. ಕಾಡಿನದನ್ನು ಪೇಟೆಯ ಮನೆಗೆ ತಂದರೆ ಮಂಜಿಲ್ಲದ ಬಿಸಿಲಿಗೆ ಹೆಚ್ಚಿನವು ಒಂದೆರಡು ಬೇಸಿಗೆಯಲ್ಲಿ ಹೋಗುತ್ತವೆ. ಮಣ್ಣಿನ ಕುಂಡದಲ್ಲಿ ನೆಟ್ಟರಂತೂ ಇನ್ನೂ ಬೇಗ, ಬೇರು ಕೊಳೆತು.

ಗಾಳಿಮಳೆಗೆ ಸ್ವಂತ ಜಾಗದ ಮರ, ಕೊಂಬೆ ಬಿದ್ದು ಅದರಲ್ಲಿ ಆರ್ಕಿಡ್ ಇದ್ದರೆ ಬಿಡಬೇಡಿ. ಅರಣ್ಯ ಜಾಗ, ರಸ್ತೆ ಬದಿಯದಾದರೆ ಮೊದಲು ಫಾರೆಸ್ಟರ್‌ಗೆ ತಿಳಿಸಿ. ಗಿಡ ಕೀಳುವ ಬದಲು ತೊಗಟೆ ಸಮೇತ ತೆಗೆಯಿರಿ, ಬೇರು ಕಡಿಮೆ ಹರಿಯುತ್ತದೆ. ಅದೇ ಥರದ ಒರಟು ತೊಗಟೆಯ ಮರದಲ್ಲಿ, ಮೊದಲಿನಷ್ಟೇ ಬೆಳಕು ಬೀಳುವ ಕವಲಿನಲ್ಲಿ ಗೋಣಿ ದಾರ ಅಥವಾ ತೆಂಗಿನ ನಾರಿನಿಂದ ಅಲುಗದಂತೆ ಕಟ್ಟಿ. ತಂತಿ, ಪ್ಲಾಸ್ಟಿಕ್ ಬೇಡ. ದಾರ ಒಂದೆರಡು ಮಳೆಗಾಲದಲ್ಲಿ ಕುಂಬಾಗುತ್ತದೆ, ಅಷ್ಟರಲ್ಲಿ ಬೇರು ಹಿಡಿದಿರುತ್ತದೆ. ಜೂನ್-ಜುಲೈ ಒಳ್ಳೇ ಕಾಲ. ಬೇಸಿಗೆಯಲ್ಲೇ ಕಟ್ಟಬೇಕಾಗಿ ಬಂದರೆ ಸಂಜೆ ನೀರು ಚಿಮುಕಿಸಬೇಕು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಸಿಡಿಯುವ ಮರ ಬೇಡ, ತಾಮ್ರ ಆರ್ಕಿಡ್‌ಗೆ ಆಗಿಬರಲ್ಲ. ಗೊಬ್ಬರ, ಸಗಣಿ ನೀರು ಏನೂ ಬೇಡ.

ಮನೆ ಮರದ ಸೀತಾಳೆ ಹೂವು ಮುಡಿಯೋದಕ್ಕೆ, ದೇವರಿಗೆ ಕೊಯ್ಯೋದಕ್ಕೆ ಗಿಡವೇನೂ ಸಾಯಲ್ಲ. ಆದರೆ ಎಲ್ಲ ಜಡೆ ಕೊಯ್ದರೆ ಕಾಯಿ ಆಗಲ್ಲ, ಮರಕ್ಕೆ ಎರಡಾದರೂ ಬಿಡಿ. ಹೂವು ಉದುರಿದ ಮೇಲೆ ಒಣಕಡ್ಡಿ ಥರ ಉಳಿಯೋದರಲ್ಲಿ ಕಿರುಬೆರಳ ಗಾತ್ರದ ಏಣುಗಳಿರುವ ಹಸಿರು ಕಾಯಿ ಕಂಡರೆ ಅದನ್ನು ಕತ್ತರಿಸಬೇಡಿ. ಹಣ್ಣಾಗೋಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಂದು ದಿನ ತಾನೇ ಸೀಳಿ ಹಳದಿ ಧೂಳು ಗಾಳಿಗೆ ಬಿಡುತ್ತದೆ.